ಕವಳ ಹಾಕದ ಡಬ್ಬಿ

ಸಿರಸಿಯಂಥ ಪೇಟೆಯಲ್ಲಿ ಇಪ್ಪತ್ತೈದರ ಹುಡುಗನೊಬ್ಬ ಹೊಟ್ಟೆಕಿಚ್ಚು ಪಡಲು ಕಾರಣಗಳಿಗೇನೂ ಕೊರತೆಯಿಲ್ಲ. ಓರಗೆಯವನು ಹೊಸ ಬೈಕು ತೆಗೆದುಕೊಂಡಿರುತ್ತಾನೆ, ಇನ್ನೊಬ್ಬನನ್ನು ಹುಡುಗಿ ಒಪ್ಪಿರುತ್ತಾಳೆ, ಮತ್ತೊಬ್ಬನ ತಲೆಗೂದಲು ಇನ್ನೂ ಹಣೆಗೆ ಹತ್ತಿರದಲ್ಲೇ ಇರುತ್ತದೆ. ರಘುಪತಿಗೆ ಈ ಮೂರೂ ಕಾರಣಗಳು ಕೈಗೆಟುಕುವಷ್ಟು ದೂರದಲ್ಲಿದ್ದವು. ಅವನು ಅವೆಲ್ಲ ಬಿಟ್ಟು ಒಂದು ಡಬ್ಬಿಯ ಮೇಲೆ ಹೊಟ್ಟೆಕಿಚ್ಚು ಪಟ್ಟ. ಅಂಗೈಯಗಲದ, ಬಿಳಿ ಬಣ್ಣದ, ಎದುರಿಗೆ ಹಸಿರು ದೀಪಗಳನ್ನು ಮಿಣುಕಿಸುತ್ತ ಕೂರುವ ಇಂಟರ್‌ನೆಟ್ಟಿನ ಮೋಡೆಮ್ ಅದು. ಅಕ್ಕನ ಮನೆಗೆ ಅದನ್ನು ತಂದವನು ಅವನೇ, ಗೋಡೆಗೆ ಮೊಳೆ ಹೊಡೆದು ಕೂರಿಸಿದವನೂ ಅವನೇ. ಹೀಗಾಗಿ ಬೈಯಲು ಬೇರೆ ಯಾರೂ ಸಿಗಲಿಲ್ಲ.

ರಘುಪತಿ ಸಿದ್ದಾಪುರದ ಹೇರೂರಿನ ಕಡೆಯವನು. ಡಿಪ್ಲೊಮಾ ಮುಗಿಸಿದ್ದೇನೆ ಎಂದು ಅವನು ಹೇಳುತ್ತಿದ್ದ. ಒಂದು ವಿಷಯ ಬಾಕಿಯಿದೆ ಎಂದು ಅಕ್ಕ ಸೇರಿಸುತ್ತಿದ್ದಳು. ದೇವಿಕೆರೆಯ ಹತ್ತಿರ ಶಿವಪುತ್ರಪ್ಪನವರ ಕಂಪ್ಯೂಟರ್ ಅಂಗಡಿಯಲ್ಲಿ ಅವನಿಗೆ ಕೆಲಸ. ಬೋರ್ಡಿನ ಮೇಲೆ ‘ಎಂಜಿನಿಯರ್’ ಲಭ್ಯ ಎಂದು ಬರೆದಿದ್ದರೂ, ಆ ಎಂಜಿನಿಯರ್ ದಿನದ ಹೆಚ್ಚಿನ ಪಾಲು ಯುಪಿಎಸ್ಸಿನ ಬ್ಯಾಟರಿಗಳನ್ನು ಸೊಂಟಕ್ಕೆ ಆನಿಸಿಕೊಂಡು ಮಹಡಿ ಹತ್ತುವುದರಲ್ಲಿ ಕಳೆಯುತ್ತಿದ್ದ. ವಾಸ ಯಲ್ಲಾಪುರ ನಾಕೆಯ ಆಚೆ, ಅಕ್ಕ ವಿನೋದಾಳ ಮನೆಯ ಮಾಳಿಗೆಯಲ್ಲಿ. ಭಾವ ಯಲ್ಲಾಪುರದ ಬ್ಯಾಂಕಿನಲ್ಲಿ ಗುಮಾಸ್ತ. ಸಂಜೆಯ ಬಸ್ಸಿಗೆ ಬಂದು, ಉಂಡು, ಪೇಪರನ್ನು ಮುಖದ ಮೇಲೆ ಹೊದ್ದು ಮಲಗಿದರೆ ಆ ದಿನಕ್ಕೆ ಅವರ ಮಾತು ಮುಗಿಯಿತು. ಹೀಗಾಗಿ ಮನೆಯ ಒಬ್ಬಳೇ ಮಗಳು ಅಭಿಜ್ಞಾಳ ಪ್ರಶ್ನೆಗಳಿಗೆ ಉತ್ತರ ಹೇಳುವ ಖಾತೆ, ಕೇಳದೆಯೇ, ರಘುಪತಿಯ ಪಾಲಿಗೆ ಬಂದಿತ್ತು.

ಖಾತೆ ನಡೆಯುವುದು ಊಟವಾದ ಮೇಲೆ. ರಘುಪತಿ ಜಗಲಿಯಲ್ಲಿ ಕವಳದ ಹರಿವಾಣ ಎಳೆದುಕೊಂಡು ಕೂರುವುದು, ಎಲೆಯ ಬೆನ್ನಿಗೆ ಸುಣ್ಣ ಸವರಿ, ಅಡಿಕೆ ಹೋಳಿಟ್ಟು ಮಡಚುವುದು, ಎದುರಿಗೆ ಅಭಿಜ್ಞಾ ಚಕ್ಕಳಮಕ್ಕಳ ಹಾಕಿ ಕೂತು ಕೇಳುವುದು. ಅವಳಿಗೆ ಐದು ವರ್ಷವಾದಾಗಿನಿಂದ ನಡೆದು ಬಂದದ್ದು. ಅವನದೊಂದೇ ನೇಮ: ಗೊತ್ತಿಲ್ಲ ಎನ್ನಬಾರದು. ಈ ನೇಮ ಪಾಲಿಸಲು ಅವನಿಗೆ ಅನುಕೂಲ ಮಾಡಿಕೊಟ್ಟದ್ದು ಓದಲ್ಲ, ಕವಳ. ಕವಳ ತುಂಬಿದ ಬಾಯಿಂದ ಯಾರೂ ಕೂಡಲೇ ಉತ್ತರ ನಿರೀಕ್ಷಿಸುವುದಿಲ್ಲ. ‘ಉಂ’ ಎಂದು ಬೆರಳೆತ್ತಿದರೆ ಸಾಕು, ಎದುರಿಗಿದ್ದವರು ಕಾಯುತ್ತಾರೆ. ಆ ಹೊತ್ತಿನಲ್ಲಿ ಗೊತ್ತಿದ್ದ ಉತ್ತರವಾದರೆ ನೆನಪಾಗುತ್ತಿತ್ತು, ಗೊತ್ತಿಲ್ಲದ್ದಾದರೆ ಹುಟ್ಟುತ್ತಿತ್ತು. ಅಂಗಳದ ಮೂಲೆಯ ದಾಸವಾಳದ ಬುಡಕ್ಕೆ ಹೋಗಿ ಉಗಿದು, ಬಾಯಿ ಮುಕ್ಕಳಿಸಿ ಬರುವಷ್ಟರಲ್ಲಿ ಅದಕ್ಕೆ ಕೈಕಾಲೂ ಮೂಡಿರುತ್ತಿತ್ತು.

“ಮಾವ, ಹಲಸಿನ ಮೇಣ ನೀರಲ್ಲಿ ತೊಳದ್ರೆ ಹೋಗ್ತಿಲ್ಲೆ, ಎಣ್ಣೆ ಹಚ್ಚಿದ್ರೆ ಹೋಗ್ತು. ಎಂತಕ್ಕೆ?”

ದಾಸವಾಳದ ಬುಡದಿಂದ ಮರಳಿ ಬಂದ ರಘುಪತಿ ಹೇಳುತ್ತಿದ್ದ: “ಅದು ಮಳೆಗಾಲದಲ್ಲೇ ಹುಟ್ಟಿ ಬೆಳದ್ದು ಕೂಸೇ. ನೀರಿನ ಹೆದರಿಕೆ ಅದಕ್ಕೆ ಎಲ್ಲಿಂದ ಬರವು? ಎಣ್ಣೆ ಮಾತ್ರ ಅದು ಕಂಡಿದ್ದೇ ಇಲ್ಲೆ. ಹೆದ್ರಿ ಬಿಟ್ಟಿಕ್ಕೆ ಓಡ್ತು.”

ಕೂಸು ತಲೆಯಾಡಿಸುತ್ತಿತ್ತು. ಹಾಗೆ ತಲೆಯಾಡಿಸುವವರು ಸಿರಸಿ ಪೇಟೆಯಲ್ಲಿ ರಘುಪತಿಗೆ ಮತ್ತೊಬ್ಬರಿರಲಿಲ್ಲ.

ಎಡವಟ್ಟಾದದ್ದು ಗುಡ್ನಾಪುರದ ಕೆರೆಯಿಂದ. ಅಷ್ಟು ದೊಡ್ಡ ಕೆರೆ ಯಾಕೆ ತೋಡಿದರು ಎಂದು ಅಭಿಜ್ಞಾ ಹಿಂದೊಮ್ಮೆ ಕೇಳಿದ್ದಳು. ಅಂದು ಕವಳ ಚೆನ್ನಾಗಿ ಕೂಡಿತ್ತು. ರಾಣಿಗೆ ಚಂದ್ರನನ್ನು ಒಂದೇ ರಾತ್ರಿ ಎರಡು ಸಲ ನೋಡಬೇಕೆನಿಸಿತಂತೆ, ಮೇಲೊಂದು ಚಂದ್ರ, ಕೆಳಗೊಂದು ಚಂದ್ರ, ಅದಕ್ಕಾಗಿ ರಾಜ ತೋಡಿಸಿದ ಎಂದು ರಘುಪತಿ ಹೇಳಿದ್ದ. ಹೇಳಿದ ಮೇಲೆ ತನಗೇ ನಂಬಿಕೆ ಬರುವಷ್ಟು ಚೆನ್ನಾಗಿತ್ತು. ಎರಡು ಸಾವಿರದ ಎಂಟರಲ್ಲಿ, ಏಳನೆಯ ತರಗತಿಯವರನ್ನು ಶಾಲೆಯಿಂದ ಗುಡ್ನಾಪುರಕ್ಕೆ ಕರೆದೊಯ್ದಾಗ, ಕೆರೆಯ ದಂಡೆಯ ಮೇಲೆ ಟೀಚರು ಯಾರಿಗಾದರೂ ಅದರ ವಿಷಯ ಏನಾದರೂ ಗೊತ್ತೇ ಎಂದು ಕೇಳಿದರು. ಅಭಿಜ್ಞಾ ಕೈಯೆತ್ತಿ ರಾಣಿಯ ಕಥೆ ಹೇಳಿದಳು.

“ಎಲ್ಲಿ ಓದಿದ್ದು ಇದನ್ನ?” ಎಂದು ಟೀಚರು ಕೇಳಿದರಂತೆ.

“ಓದಿದ್ದಲ್ಲ, ನಮ್ಮ ಮಾವ ಹೇಳಿದ್ದು.”

ಇಡೀ ತರಗತಿ ನಕ್ಕಿತು. ಅಭಿಜ್ಞಾ ಮನೆಗೆ ಬಂದವಳೇ ಚೀಲ ಬಿಸಾಕಿ ಕಂಪ್ಯೂಟರಿನ ಮುಂದೆ ಕೂತಳು. ಅಲ್ಲಿಯವರೆಗೆ ಅವಳು ನೆಟ್ಟಿನಲ್ಲಿ ಚಿತ್ರಕ್ಕೆ ಬಣ್ಣ ತುಂಬುವ ಆಟ ಬಿಟ್ಟರೆ ಬೇರೇನೂ ನೋಡಿದವಳಲ್ಲ. ಅಂದು ಕೆರೆ ಹುಡುಕಿದಳು. ಮರುದಿನ ಹಲಸಿನ ಮೇಣ. ಆಮೇಲೆ ಒಂದೊಂದಾಗಿ ರಘುಪತಿಯ ಏಳು ವರ್ಷದ ಉತ್ತರಗಳೆಲ್ಲ ತಪಾಸಣೆಗೆ ಹೋದವು. ಫಲಿತಾಂಶ ಅವನ ಡಿಪ್ಲೊಮಾದ ಫಲಿತಾಂಶವನ್ನೇ ಹೋಲುತ್ತಿತ್ತು.

ಅವಳು ಜಗಳವಾಡಿದ್ದರೆ ಅವನಿಗೆ ಇಷ್ಟು ನೋವಾಗುತ್ತಿರಲಿಲ್ಲ. ಒಂದು ರಾತ್ರಿ, ಮಿಂಚುಹುಳದ ಬೆಳಕು ಯಾಕೆ ಬಿಸಿಯಿಲ್ಲ ಎಂದು ಕೇಳಿದಳು. ರಘುಪತಿ ಹುರುಪಿನಿಂದ ಬೆರಳೆತ್ತಿ ‘ಉಂ’ ಎಂದ.

“ನೀ ಉಗ್ದು ಬಾ ಮಾವ, ಅಷ್ಟೊತ್ತಿಗೆ ಆನು ನೋಡ್ಕ್ಯತ್ತೆ.”

ಅವನು ಅವಸರದಲ್ಲಿ ದಾಸವಾಳಕ್ಕೆ ಹೋಗಿ ಬರುವಷ್ಟರಲ್ಲಿ ಅವಳು ಮಿಂಚುಹುಳ ಮುಗಿಸಿ ತಿಮಿಂಗಿಲಕ್ಕೆ ಹೋಗಿದ್ದಳು. ಬಾಗಿಲಲ್ಲಿ ನಿಂತು ಅವನು ಡಬ್ಬಿಯನ್ನು ನೋಡಿದ. ಅದಕ್ಕೆ ಜಗಿಯಬೇಕಿಲ್ಲ, ಉಗಿಯಬೇಕಿಲ್ಲ, ‘ಉಂ’ ಎನ್ನಬೇಕಿಲ್ಲ. ಕೇಳಿದ ತಕ್ಷಣ ಹೇಳುತ್ತಿತ್ತು, ಹೇಳುವಾಗ ಮುಖದಲ್ಲಿ ಒಂದು ಜಂಬವೂ ಇಲ್ಲ. ಜಂಬವಿದ್ದಿದ್ದರೆ ಬೈಯಲಿಕ್ಕಾದರೂ ಆಗುತ್ತಿತ್ತು.

ಹೀಗಿರುವಾಗ ಅಕ್ಕ ತಾನಾಗಿಯೇ ಒಂದು ಅವಕಾಶ ಒದಗಿಸಿಕೊಟ್ಟಳು. ದೋಸೆ ಹಾಕುತ್ತ ಹೇಳಿದಳು: “ಕೂಸು ಆ ಕಂಪ್ಯೂಟರ್ ಬಿಟ್ಟು ಏಳ್ತೇ ಇಲ್ಲೆ ರಘು. ಕಣ್ಣು ಹಾಳಾಗ್ತು, ಪರೀಕ್ಷೆ ಬೇರೆ ಬಂತು. ನೀನೇ ತಂದಿದ್ದಲ್ದಾ, ನೀನೇ ಅದಕ್ಕೊಂದು ಅಗಳಿ ಹಾಕು. ದಿನಕ್ಕೆ ಒಂದು ತಾಸು ಸಾಕು.”

“ಯಾವ ತಾಸು?” ಎಂದ ರಘುಪತಿ, ದೋಸೆಯ ಮೇಲಿನ ಕಣ್ಣು ತೆಗೆಯದೆ.

“ಅದೆಂತ ಕೇಳ್ತೆ, ಯಾವ್ದಾದ್ರೂ ಆಗ್ತು. ನೀನೇ ನೋಡು.”

ರಘುಪತಿ ನೋಡಿದ. ಕೂಸು ಶಾಲೆಯಿಂದ ಬರುವುದು ಐದರ ಸುಮಾರಿಗೆ. ತಾನು ಅಂಗಡಿಯಿಂದ ಬರುವುದು ಏಳಕ್ಕೆ. ಕಂಪ್ಯೂಟರಿನಲ್ಲಿ ಮೋಡೆಮ್ಮಿನ ಒಳಪುಟ ತೆರೆದ. ಯಾವ ಕಂಪ್ಯೂಟರಿಗೆ ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ನೆಟ್ ಬಂದ್ ಎಂದು ಬರೆಯುವ ಜಾಗ ಅಲ್ಲಿತ್ತು. ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಬಂದ್ ಎಂದು ಬರೆದ. ಮಿಕ್ಕ ಹೊತ್ತೆಲ್ಲ ಕೂಸು ಶಾಲೆಯಲ್ಲೋ, ಶಾಲೆಯ ತಯಾರಿಯಲ್ಲೋ, ನಿದ್ದೆಯಲ್ಲೋ. ಉಳಿದದ್ದು ಐದರಿಂದ ಆರು, ಅಕ್ಕ ಹೇಳಿದ ಒಂದು ತಾಸು. ಸಂಜೆಯ ಮೇಲೆ ಅಭಿಜ್ಞಾ ಮತ್ತು ರಘುಪತಿ ಇಬ್ಬರೂ ಮನೆಯಲ್ಲಿ ಎಚ್ಚರವಿರುವ ಒಂದು ನಿಮಿಷವನ್ನೂ ಆ ಡಬ್ಬಿಗೆ ಬಿಟ್ಟುಕೊಡಲಿಲ್ಲ. ಮಾಳಿಗೆಯ ತನ್ನ ಹಳೆ ಲ್ಯಾಪ್‌ಟಾಪಿಗೆ ಮಾತ್ರ ಈ ನಿಯಮ ತಾಗದಂತೆ ನೋಡಿಕೊಂಡ. ಅಷ್ಟಾದ ಮೇಲೆ ಡಬ್ಬಿ ಒಂದು ಪ್ರಶ್ನೆ ಕೇಳಿತು: ಈಗ ಗಂಟೆ ಎಷ್ಟೆಂದು ಹೊರಗೆ ಬೇರೆಯವರನ್ನು ಕೇಳಿ ತಿಳಿದುಕೊಳ್ಳಲೋ, ಅಥವಾ ನೀನೇ ಹೇಳುತ್ತೀಯೋ? ಬೇರೆಯವರನ್ನು ಕೇಳಿ ತಿಳಿದುಕೊಳ್ಳುವುದು ರಘುಪತಿಯ ಜಾಯಮಾನವಲ್ಲ. ತನ್ನ ಕೈಗಡಿಯಾರ ನೋಡಿ ತಾನೇ ತುಂಬಿದ.

ಮರುದಿನ ಅಂಗಡಿಯಲ್ಲಿ ಅವನು ಬ್ಯಾಟರಿ ಹೊರುವಾಗಲೂ ಶಿಳ್ಳೆ ಹಾಕಿದ್ದು ಶಿವಪುತ್ರಪ್ಪನವರಿಗೆ ವಿಚಿತ್ರವೆನಿಸಿತು. ಹಾವೇರಿ ಕಡೆಯ ಮನುಷ್ಯ, ಕೆಲಸದವನಿಗೂ ‘ರೀ’ ಹಚ್ಚದೆ ಮಾತಾಡುವವರಲ್ಲ.

“ಏನ್ರೀ ರಘುಪತಿ, ಹೆಣ್ಣು ಗೊತ್ತಾತೇನು?”

“ಇಲ್ಲ ಸರ್. ಅಕ್ಕನ ಮಗಳ ನೆಟ್ಟಿಗೆ ಟೈಮ್ ಹಾಕಿದೆ. ರಾತ್ರಿ ಪೂರ್ತಿ ಬಂದ್. ಇನ್ನು ಏನು ಕೇಳೋದಿದ್ರೂ ನನ್ನನ್ನೇ ಕೇಳ್ಬೇಕು.”

ಶಿವಪುತ್ರಪ್ಪ ಕೈಯಲ್ಲಿದ್ದ ಬಿಲ್ಲಿನ ಪುಸ್ತಕ ಮುಚ್ಚಿದರು. “ಎದುರಿನ ಅಂಗಡಿ ಬಾಗಲಾ ಹಾಕಿದ್ರ ಗಿರಾಕಿ ನಮ್ಮಲ್ಲೇ ಬರ್ತಾರಂತ ಯಾರ್ ಹೇಳ್ಯಾರ್ರೀ ನಿಮಗ? ಮರುದಿನಾ ಬಾಗಲಾ ತೆರೀತತಿ, ಅಲ್ಲೇ ಹೋಗ್ತಾರ. ಹೋಗ್ರಿ, ಆ ಬ್ಯಾಟರಿ ಮ್ಯಾಲ ಒಯ್ರಿ.”

ರಘುಪತಿ ಅದನ್ನು ವ್ಯಾಪಾರದ ಮಾತೆಂದು ತಳ್ಳಿಹಾಕಿದ.

ಆ ರಾತ್ರಿ ಊಟವಾದ ಮೇಲೆ ಅವನು ಹರಿವಾಣವನ್ನು ಸ್ವಲ್ಪ ಸಪ್ಪಳವಾಗುವಂತೆಯೇ ಎಳೆದ. ಎಳೆಯ ಎಲೆಯೊಂದನ್ನು ಆರಿಸಿ ಒರೆಸಿದ. ಅಭಿಜ್ಞಾ ಎದುರಿಗೇ ಕೂತು ಸಮಾಜ ಪುಸ್ತಕ ಓದುತ್ತಿದ್ದಳು.

“ಎಂತಾದ್ರೂ ಕೇಳದು ಇದ್ದಾ ಕೂಸೇ?”

“ಇದ್ದು.”

“ಕೇಳು ಮತ್ತೆ.”

“ನಾಳೆ ಐದು ಗಂಟೆಗೆ ಕೇಳ್ತೆ.”

“ಯಾರತ್ರ?”

ಅವಳು ಪುಸ್ತಕದಿಂದ ತಲೆಯೆತ್ತದೆ ಗದ್ದದಿಂದಲೇ ಗೋಡೆಯ ಕಡೆ ತೋರಿಸಿದಳು. “ಅದ್ರತ್ರ.”

ರಘುಪತಿ ನೋಡುತ್ತಿದ್ದುದು ಡಬ್ಬಿಯನ್ನು, ಸುಣ್ಣ ಸವರುತ್ತಿದ್ದುದು ಎಲೆಗೆ. ಬೇಕಾದದ್ದಕ್ಕಿಂತ ಎರಡು ಪಾಲು ಸುಣ್ಣ ಬಿತ್ತು. ಬಾಯಿ ಸುಟ್ಟು, ಎರಡು ದಿನ ಸಾರಿನ ಬದಲು ಮಜ್ಜಿಗೆ ಅನ್ನ ಉಂಡ. ಎಂತಾತು ಎಂದು ಅಕ್ಕ ಕೇಳಿದ್ದಕ್ಕೆ ಅಂಗಡಿಯ ಚಹ ಬಿಸಿಯಿತ್ತೆಂದ.

ಸೋಲೊಪ್ಪುವ ಪೈಕಿ ಅಲ್ಲ ಅವನು. ಕೂಸಿಗೆ ತನ್ನ ಉತ್ತರಗಳ ಮೇಲೆ ನಂಬಿಕೆ ಹೋಗಿದೆ, ಆದ್ದರಿಂದ ನಿಜವಾದ ಉತ್ತರಗಳನ್ನೇ ಕೊಟ್ಟರಾಯಿತು ಎಂದು ಲೆಕ್ಕ ಹಾಕಿದ. ಮಾಳಿಗೆಗೆ ಹೋಗಿ, ಏಳನೆಯ ತರಗತಿಯ ವಿಜ್ಞಾನದಲ್ಲಿ ಅವಳಿಗೆ ಏನೇನು ಸಂಶಯ ಬರಬಹುದೆಂದು ಊಹಿಸಿ, ತನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ಹುಡುಕಿ ಓದತೊಡಗಿದ. ಉತ್ತರಗಳು ಬರುತ್ತಿದ್ದುದು ಕೆಳಗಿನ ಗೋಡೆಯ ಅದೇ ಡಬ್ಬಿಯಿಂದ ಎಂಬುದು ಅವನಿಗೆ ತಿಳಿಯದ್ದಲ್ಲ. ವೈರಿಯ ಮನೆಯ ಹಿತ್ತಿಲಿಂದ ಹೋಗಿ ಕಡ ತಂದು, ಅದನ್ನೇ ವೈರಿಯ ಮುಂದೆ ಮೆರೆಸುವ ಬಾಳು. ಬ್ಯಾಟರಿಯೊಳಗಿನ ಆಮ್ಲ, ಎಲೆಯ ಹಸಿರು, ಗ್ರಹಣ, ಎಲ್ಲ ಬಾಯಿಪಾಠ ಮಾಡಿ, ಅಷ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಜಗಲಿಯಲ್ಲಿ ಬಂದು ಕೂರುತ್ತಿದ್ದ. ಯಾರೂ ಏನೂ ಕೇಳುತ್ತಿರಲಿಲ್ಲ. ಒಂದು ರಾತ್ರಿ ತಡೆಯಲಾರದೆ ಗ್ರಹಣದ ವಿಷಯ ತಾನೇ ಹೇಳಲು ಶುರು ಮಾಡಿದ. ಅಭಿಜ್ಞಾ ಪೂರ್ತಿ ಕೇಳಿ, “ಹೌದು ಮಾವ, ಹಾಂಗೇ ಇದ್ದು ಅದ್ರಲ್ಲೂ,” ಎಂದಳು. ಶಾಲೆಯ ಮಾಸ್ತರು ಕಾಪಿ ಹೊಡೆದವನನ್ನು ಹಿಡಿಯದೆ ಬಿಟ್ಟಂತಿತ್ತು ಆ ಮಾತು.

ಆಮೇಲೆ ಸಿರಸಿಯ ಕರೆಂಟು ಆಟ ಶುರು ಮಾಡಿತು. ದಿನಕ್ಕೊಮ್ಮೆ ಹೋಗುವುದು, ಬರುವುದು, ಹೊತ್ತಿಲ್ಲ ಗೊತ್ತಿಲ್ಲ. ಅದರ ಜೊತೆಗೆ ರಘುಪತಿಯ ಅಗಳಿಗೂ ಹುಚ್ಚು ಹಿಡಿಯಿತು. ಒಂದು ದಿನ ಸಂಜೆ ಐದಕ್ಕೆ ನೆಟ್ ಇಲ್ಲ. ಇನ್ನೊಂದು ದಿನ ಊಟಕ್ಕೆ ಕರೆದರೆ ಕೂಸು ನೆಟ್ಟಿನಲ್ಲಿ ಧ್ರುವದ ಕರಡಿ ನೋಡುತ್ತ ಕೂತಿದೆ.

“ಎಂತದೋ ಇದು?” ಎಂದಳು ಅಕ್ಕ. “ನಿನ್ನ ಅಗಳಿ ಅದ್ರ ಮನಸ್ಸಿಗೆ ಬಂದಾಗ ಬೀಳ್ತು, ಮನಸ್ಸಿಗೆ ಬಂದಾಗ ಏಳ್ತು. ಹಿತ್ಲ ಬಾಗಿಲ ಅಗಳಿಯೇ ಇದಕ್ಕಿಂತ ಅಡ್ಡಿಲ್ಲೆ.”

“ಸಾಫ್ಟ್‌ವೇರ್ ಅಕ್ಕಯ್ಯ. ಹೊಂದಿಕೊಳ್ಳಲೆ ಸ್ವಲ್ಪ ದಿನ ಬೇಕು ಅದಕ್ಕೆ.” ನೇಮ ಮುರಿಯದೆ ರಘುಪತಿ ಉತ್ತರ ಕೊಟ್ಟ. ನಂತರ ಮಾಳಿಗೆಗೆ ಹೋಗಿ ಬಾಗಿಲು ಹಾಕಿಕೊಂಡು ಡಬ್ಬಿಯ ಒಳಪುಟ ತೆರೆದು ನೋಡಿದ. ಹೊರಗೆ ಎರಡು ಸಾವಿರದ ಒಂಬತ್ತು ಕಾಲಿಟ್ಟಿತ್ತು. ಡಬ್ಬಿಯ ಪ್ರಕಾರ ಅಂದು ಎರಡು ಸಾವಿರದ ಜನವರಿ ಒಂದನೇ ತಾರೀಕು, ಬೆಳಗಿನ ಜಾವ.

ನೋಡಿದ ತಕ್ಷಣ ಅವನಿಗೆ ಅರ್ಥವಾಯಿತು. ಯುಪಿಎಸ್ ಮಾರುವ ಮನುಷ್ಯ ತಾನು, ಅಕ್ಕನ ಕಂಪ್ಯೂಟರಿಗೆ ಯುಪಿಎಸ್ ಕೊಟ್ಟು, ಮೋಡೆಮ್ಮಿನ ಪಿನ್ನನ್ನು ಗೋಡೆಗೇ ಚುಚ್ಚಿದ್ದ. ಕರೆಂಟು ಹೋದರೆ ಅದರ ಗಡಿಯಾರ ಸಾಯುತ್ತಿತ್ತು. ಬಂದಾಗ ಎಲ್ಲ ಮರೆತು, ಎರಡು ಸಾವಿರದ ಜನವರಿ ಒಂದರ ನಡುರಾತ್ರಿಯಿಂದ ಬಾಳು ಶುರು ಮಾಡುತ್ತಿತ್ತು. ಅದರ ಸಂಜೆ ಆರಕ್ಕೂ ಸಿರಸಿಯ ಸಂಜೆ ಆರಕ್ಕೂ ಸಂಬಂಧವಿರಲಿಲ್ಲ. ಗಂಟೆಯನ್ನು ಬೇರೆಯವರನ್ನು ಕೇಳಿ ತಿಳಿದುಕೋ ಎಂದು ಅಂದು ಒಂದು ಗುರುತು ಹಾಕಿದ್ದರೆ, ಪ್ರತಿ ಸಲವೂ ಅದು ತಾನೇ ಕೇಳಿ ಸರಿಪಡಿಸಿಕೊಳ್ಳುತ್ತಿತ್ತು. ಗುರುತು ಹಾಕುವುದು ಒಂದು ಕ್ಷಣದ ಕೆಲಸ. ನಾಳೆ ಮಾಡಿದರಾಯಿತು ಎಂದುಕೊಂಡ. ಆ ಡಬ್ಬಿಯೂ ತಪ್ಪು ಉತ್ತರ ಹೇಳುತ್ತದೆ ಎಂಬ ಸಂತೋಷವನ್ನು ಒಂದು ರಾತ್ರಿಯಾದರೂ ಇಟ್ಟುಕೊಳ್ಳೋಣ ಎನಿಸಿತು.

ಮರುದಿನ ಊಟವಾದ ಮೇಲೆ ಅವನು ಕವಳ ಬಾಯಿಗೆ ಹಾಕಿದ್ದಷ್ಟೆ, ಅಭಿಜ್ಞಾ ಬಂದು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು. ಕೈಯಲ್ಲಿ ಪುಸ್ತಕವಿಲ್ಲ.

“ಮಾವ, ಒಂದು ಕೇಳ್ಲಾ?”

ರಘುಪತಿಯ ದವಡೆ ನಿಂತಿತು.

“ಕರೆಂಟು ಹೋಗಿ ಬಂದ ಮೇಲೇ ಅಗಳಿ ತಪ್ತು. ಆನು ನೋಡಿದ್ದೆ. ಎಂತಕ್ಕೆ ಹಾಂಗೆ?”

ಅವನು ಬಾಯಿ ತುಂಬಿಕೊಂಡೇ ಗೋಡೆಯ ಕಡೆ ಗದ್ದ ತೋರಿಸಿದ, ಅದ್ರತ್ರವೇ ಕೇಳು ಎನ್ನುವಂತೆ. ಹೊಟ್ಟೆಕಿಚ್ಚಿನ ಮನುಷ್ಯನಿಗೆ ಬಿಗುಮಾನ ಬಿಡುವುದು ಅಷ್ಟು ಸುಲಭವಲ್ಲ.

“ಅದ್ರತ್ರ ಕೇಳಿ ಆತು. ಎಂತೆಂತದೋ ಕಾರಿನ ಬೀಗದ ವಿಷಯ ಹೇಳ್ತು. ಅದಕ್ಕೆ ಗೊತ್ತಿಲ್ಲೆ.”

ಅದಕ್ಕೆ ಗೊತ್ತಿಲ್ಲೆ. ಈ ಮಾತನ್ನು ರಘುಪತಿ ಇನ್ನೊಮ್ಮೆ ಹೇಳಿಸುತ್ತಿದ್ದ, ಆದರೆ ಬಾಯಲ್ಲಿ ಜಾಗವಿರಲಿಲ್ಲ. ಎದ್ದು ಓಡಿದ. ಹೊಸ ಕವಳ, ರಸ ಬಿಡಲು ಶುರುವಾದದ್ದಷ್ಟೆ, ಹಾಗೇ ದಾಸವಾಳದ ಬುಡಕ್ಕೆ ಉಗಿದ. ಬಾಯಿ ಮುಕ್ಕಳಿಸಲಿಲ್ಲ. ಏಳು ವರ್ಷದಲ್ಲಿ ಮೊದಲ ಬಾರಿಗೆ, ಯೋಚಿಸಲು ಒಂದು ಗಳಿಗೆಯನ್ನೂ ತೆಗೆದುಕೊಳ್ಳದೆ, ಗಲ್ಲದ ಮೇಲೆ ಕೆಂಪು ಇಳಿಸಿಕೊಂಡೇ ಹೇಳಲು ಕೂತ. ಡಬ್ಬಿಯೊಳಗೆ ಬ್ಯಾಟರಿಯಿಲ್ಲದ್ದು, ಗಡಿಯಾರ ಸಾಯುವುದು, ಜನವರಿ ಒಂದರ ನಡುರಾತ್ರಿ, ನಡುರಾತ್ರಿಯಲ್ಲಿ ಅಗಳಿ ಇಲ್ಲದ್ದು, ಒಂದೂ ಬಿಡಲಿಲ್ಲ. ನೆಲದ ಮೇಲೆ ಅಡಿಕೆ ಹೋಳುಗಳನ್ನಿಟ್ಟು ಗಂಟೆ ತೋರಿಸಿದ, ಸುಣ್ಣದ ಡಬ್ಬಿಯನ್ನು ಮೋಡೆಮ್ ಮಾಡಿದ. ಅಭಿಜ್ಞಾ ಕಣ್ಣು ಮಿಟುಕಿಸದೆ ಕೇಳಿದಳು. ಆ ಹಳೆಯ ತಲೆಯಾಟ ಮರಳಿ ಬಂತು. ಒಂದು ಸುಳ್ಳೂ ಸೇರಿಸದೆ ಅದನ್ನು ಪಡೆಯಬಹುದೆಂದು ಅವನಿಗೆ ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ.

“ಹಾಂಗಾದ್ರೆ,” ಎಂದಳು ಅವಳು ನಿಧಾನವಾಗಿ, “ಕರೆಂಟು ಹೋಗದ್ರೂ ಅಡ್ಡಿಲ್ಲೆ. ಸ್ವಿಚ್ ಆಫ್ ಮಾಡಿ ಆನ್ ಮಾಡಿದ್ರೆ ಸಾಕು.”

ಒಳಗೆ ಅಕ್ಕ ಪಾತ್ರೆ ತೊಳೆಯುವುದು ನಿಂತಿತು.

ರಘುಪತಿ ಅಡಿಕೆ ಹೋಳುಗಳನ್ನು ಒಂದೊಂದಾಗಿ ಹರಿವಾಣಕ್ಕೆ ತುಂಬಿದ. ಬೀಗ ಹಾಕಿದವನೇ ಕೀಲಿಕೈಯನ್ನು ಕೂಸಿನ ಕೈಯಲ್ಲಿಟ್ಟು, ತಿರುಗಿಸುವುದು ಹೇಗೆಂದೂ ಕಲಿಸಿಕೊಟ್ಟಿದ್ದ. ಆದರೂ ಎದೆಯೊಳಗೆ ಏನೋ ತಂಪಾಗಿತ್ತು, ಅದನ್ನು ಮುಚ್ಚಿಕೊಳ್ಳಲು ಮುಖ ಗಂಟು ಹಾಕಿದ.

“ಇನ್ನೊಂದು ಕೇಳ್ತೆ,” ಎಂದಳು ಅಭಿಜ್ಞಾ, ತಾಯಿಯಿದ್ದ ಅಡುಗೆಮನೆಯ ಕಡೆ ನೋಡಿ. “ಆಯಿ ಹೇಳಿದ್ದು ಒಂದು ತಾಸು ಅಂತ ಮಾತ್ರ. ನೀನು ಮನೆಯಲ್ಲಿ ಇಪ್ಪ ಹೊತ್ತಿಗೇ ಸರಿಯಾಗಿ ಅಗಳಿ ಬೀಳ್ತಲಾ, ಅದು ಎಂತಕ್ಕೆ?”

ಇದಕ್ಕೂ ಉತ್ತರ ಅವನಿಗೆ ಗೊತ್ತಿತ್ತು. ಇಷ್ಟು ಖಚಿತವಾಗಿ ಅವನಿಗೆ ಗೊತ್ತಿದ್ದ ವಿಷಯ ಮತ್ತೊಂದಿರಲಿಲ್ಲ. ಕೈ ತಾನಾಗಿ ಎಲೆಗೆ ಹೋಯಿತು, ಸುಣ್ಣ ಹಚ್ಚದೆಯೇ ಬಾಯಿಗೆ ತುರುಕಿಕೊಂಡ. ಅವಳು ಕಾದಳು. ಅವನು ದಾಸವಾಳಕ್ಕೆ ಹೋದ, ಬಂದ. ಅವಳು ಇನ್ನೂ ಕಾಯುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಅಕ್ಕನೂ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

“ಗೊತ್ತಿಲ್ಲೆ,” ಎಂದ ರಘುಪತಿ.

ಆ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು, ಮತ್ತು ಅದೂ ಸುಳ್ಳೇ ಆಗಿತ್ತು.

ಅಕ್ಕ ನಕ್ಕಿದ್ದು ಒಳಗೆ ಮಲಗಿದ್ದ ಭಾವನ ಪೇಪರನ್ನೂ ಅಲುಗಿಸಿತು. “ಸಣ್ಣ ಕೂಸಿನ ಸಂಗಡ ಪೈಪೋಟಿ ಮಾಡ್ಕ್ಯಂಡಿದ್ದೆ ನೀನು, ಅದು ಸಾಲ್ದು ಹೇಳಿ ಡಬ್ಬಿ ಸಂಗಡವೂ,” ಎಂದಳು. “ನಾಳೆ ಅದನ್ನ ಸರಿ ಮಾಡು ಮಾರಾಯ.”

ಹೇಗೆ ಸರಿ ಮಾಡಬೇಕೆಂದು ಹೇಳಿದವಳು ಅಭಿಜ್ಞಾ. ಅವಳಿಗೆ ಐದರಿಂದ ಆರು ಬೇಡ, ಆಗ ಓರಗೆಯವರು ಆಟಕ್ಕೆ ಕರೆಯುತ್ತಾರೆ. ನೆಟ್ಟಿಗೆ ಏಳರಿಂದ ಎಂಟು. ಊಟವಾದ ಮೇಲೆ ಮಾವನಿಗೆ ಅರ್ಧ ತಾಸು. ಆಮೇಲೆ ಅವಳಿಗೆ ನಿದ್ದೆ. ಸ್ವಿಚ್ಚು ಮುಟ್ಟುವುದಿಲ್ಲವೆಂದು ಮಾತು ಕೊಟ್ಟಳು. “ಆದ್ರೆ ಆ ರಾಣಿ ಕಥೆ ಇದ್ದಲಾ ಮಾವ,” ಎಂದು ಎದ್ದು ಹೋಗುವಾಗ ಹೇಳಿದಳು, “ಅದು ಎಲ್ಲಿ ಹುಡ್ಕಿದ್ರೂ ಸಿಗ್ತಿಲ್ಲೆ. ಕಡೆಗೆ ಎಂತಾತು ಆ ರಾಣಿಗೆ?” ಉತ್ತರಕ್ಕೆ ಕಾಯದೆ, ನಾಳೆಯ ಅರ್ಧ ತಾಸಿಗೆ ಇರಲಿ ಎಂದು ಮಲಗಲು ಹೋದಳು.

ರಘುಪತಿ ನಾಳೆಗೆ ಕಾಯದೆ ಮೋಡೆಮ್ಮಿನ ಪಿನ್ನನ್ನು ಯುಪಿಎಸ್ಸಿಗೆ ಬದಲಿಸಿದ, ಹೊಸ ಹೊತ್ತು ಬರೆದ, ಬೇರೆಯವರನ್ನು ಕೇಳಿ ತಿಳಿದುಕೋ ಎಂಬ ಗುರುತು ಹಾಕಿದ. ಡಬ್ಬಿ ಎಲ್ಲಿಯೋ ಯಾರನ್ನೋ ಕೇಳಿತು. ಮರುಕ್ಷಣ ತಾರೀಕು, ಗಂಟೆ ಎಲ್ಲ ಸರಿಯಾಗಿ ಬಂದು ನಿಂತವು. ಕೇಳಿದ್ದಕ್ಕೆ ಯಾರೂ ಅದನ್ನು ನೋಡಿ ನಗಲಿಲ್ಲ. ಅವನು ಬಹಳ ಹೊತ್ತು ಆ ಹಸಿರು ದೀಪಗಳನ್ನೇ ನೋಡುತ್ತ ನಿಂತ. ರಾಣಿಗೆ ಮುಂದೇನಾಯಿತೆಂದು ಇನ್ನೂ ಹೊಳೆದಿರಲಿಲ್ಲ, ಅದಕ್ಕೆ ನಾಳೆಯ ಕವಳ ಇದ್ದೇ ಇತ್ತು. ಅವನನ್ನು ಕೊರೆಯುತ್ತಿದ್ದುದು ಬೇರೆ ವಿಷಯ: ಡಬ್ಬಿಗೆ ಇಡೀ ಒಂದು ತಾಸು, ತನಗೆ ಮಾತ್ರ ಅರ್ಧ.